30 ಅಡಿ ರಸ್ತೆಯಲ್ಲಿ ದಿನಸಿ ಅಂಗಡಿ ಯಾಕೆ ಇರಬಾರದು?

ನಮ್ಮ ಕ್ರಾಸಿನ ಅಗಲ 30 ಅಡಿ. ಅದು ಹೋಗಿ ಕೂಡುವ ಮೇನ್ ರೋಡು 40 ಅಡಿ. ಬೆಂಗಳೂರು ದಕ್ಷಿಣದ ಹಳೆಯ ಬಡಾವಣೆಗಳಲ್ಲಿ ಸಾಮಾನ್ಯವಾಗಿ ಇದೇ ಲೆಕ್ಕ. ಈ ಎರಡು ಅಂಕಿಗಳ ನಡುವಿನ 10 ಅಡಿಯಲ್ಲಿ ನಮ್ಮ ಬೀದಿಯ ದಿನಸಿ ಅಂಗಡಿ ಸಿಕ್ಕಿಹಾಕಿಕೊಂಡಿದೆ. ಮತ್ತೆ ಬಾಗಿಲು ತೆಗೆಯಬೇಕು ಅಂತ ಅಂಗಡಿಯವರು ಓಡಾಡುತ್ತಿದ್ದಾರೆ, ತೆಗೆಯೋದಕ್ಕೆ ಆಗುತ್ತಿಲ್ಲ.

ಅಂಗಡಿ ಶೆಟ್ಟರದು. ಮೂಲೆ ಮನೆಯ ಕೆಳಗೆ, ಮಂಜೂರಾದ ನಕ್ಷೆಯಲ್ಲಿ ಗ್ಯಾರೇಜು ಎಂದು ತೋರಿಸಿದ್ದ ಜಾಗದಲ್ಲಿ, ಎಂಬತ್ತರ ದಶಕದಿಂದ ನಡೆದುಬಂದಿತ್ತು. ಬೆಳಗ್ಗೆ ಐದೂವರೆಗೆ ನಂದಿನಿ ಹಾಲಿನ ಕ್ರೇಟು ಇಳಿಯೋ ಸದ್ದು, ಆಮೇಲೆ ಷಟರ್ ಎತ್ತುವ ಸದ್ದು. ಒಳಗೆ ಸೂರಿಗೆ ತೂಗುಹಾಕಿದ ಟ್ವೈನ್ ದಾರದ ಉಂಡೆ, ಅದರ ಕೆಳಗೆ ತಕ್ಕಡಿ, ಪಕ್ಕದಲ್ಲಿ ರಟ್ಟು ಹರಿದ ಸಾಲದ ಪುಸ್ತಕ. ಅರ್ಧ ಹೋಳು ತೆಂಗಿನಕಾಯಿ, ಕಾಲು ಕೆಜಿ ತೊಗರಿಬೇಳೆ, 5 ರೂಪಾಯಿಗೆ ಕರ್ಪೂರ, ಹಬ್ಬದ ಹಿಂದಿನ ದಿನ ಬಾಳೆ ಎಲೆ. ಊರಿಗೆ ಹೊರಟವರು ಮನೆಯ ಬೀಗದ ಕೈ ಕೊಟ್ಟು ಹೋಗುತ್ತಿದ್ದದ್ದೂ ಅಲ್ಲೇ. ಶೆಟ್ಟರು ಹೋದ ಮೇಲೆ ಬಾಗಿಲು ಬಿತ್ತು. ಮಗನದು ಕಂಪನಿ ಕೆಲಸ. ಮಕ್ಕಳು ದೊಡ್ಡವರಾದ ಮೇಲೆ ಸೊಸೆ ಈಗ 'ನಾನು ನಡೆಸ್ತೀನಿ' ಅಂತ ಮುಂದೆ ಬಂದಿದ್ದಾರೆ.

ನಾನು ಕೆಲಸ ಮಾಡಿದ್ದೆಲ್ಲ ಮನೆ ಕಟ್ಟುವವರಿಗೆ ಪ್ಲಾನ್ ಸ್ಯಾಂಕ್ಷನ್ ಮಾಡಿಸಿಕೊಡುವ ಕಚೇರಿಯೊಂದರಲ್ಲಿ, ಡ್ರಾಫ್ಟ್ಸ್‌ಮನ್ ಆಗಿ. ಯಾವ ಕಾಗದ ಯಾವ ಮೇಜಿನ ಮೇಲೆ ಮಲಗುತ್ತದೆ ಅನ್ನುವುದು ಗೊತ್ತು. ಅದಕ್ಕೇ ಆಕೆ ಪ್ಲಾಸ್ಟಿಕ್ ಫೈಲು ಹಿಡಿದು ನಮ್ಮ ಮನೆಗೆ ಬಂದರು. 'ಅಂಕಲ್, ಮಾವನವರಿಗೆ ಲೈಸೆನ್ಸ್ ಇತ್ತಲ್ಲ, ಅದನ್ನೇ ನನ್ನ ಹೆಸರಿಗೆ ಮಾಡಿಕೊಡಿ ಅಂದ್ರೆ ಆಗಲ್ಲ ಅಂತಾರೆ' ಎಂದರು.

ಫೈಲು ಬಿಡಿಸಿ ನೋಡಿದೆ. ಶೆಟ್ಟರ ಹೆಸರಿನ ಟ್ರೇಡ್ ಲೈಸೆನ್ಸ್ ಇದೆ, ಆದರೆ ನವೀಕರಣ ನಿಂತಿದೆ. ಲೈಸೆನ್ಸ್ ಇದ್ದವರೂ ಇಲ್ಲ, ಅವಧಿಯೂ ಮುಗಿದಿದೆ; ಹೀಗಾಗಿ ಕಚೇರಿಯ ಲೆಕ್ಕದಲ್ಲಿ ಇದು ಹೊಸ ಅರ್ಜಿ. ಹೊಸ ಅರ್ಜಿ ಅಂದಮೇಲೆ ರಸ್ತೆಯ ಅಗಲ ಕೇಳುತ್ತಾರೆ. ವಸತಿ ಪ್ರದೇಶದಲ್ಲಿ 40 ಅಡಿಗಿಂತ ಕಿರಿದಾದ ರಸ್ತೆಯಲ್ಲಿ ವ್ಯಾಪಾರಕ್ಕೆ ಅವಕಾಶವಿಲ್ಲ. ಅಲ್ಲಿಗೆ ಮುಗಿಯಿತು. ನಡೆಯುತ್ತಿದ್ದಷ್ಟು ಕಾಲ ಯಾರೂ ಟೇಪು ಹಿಡಿದು ಬರಲಿಲ್ಲ. ನಿಂತುಹೋಗಿ ಮತ್ತೆ ಶುರು ಮಾಡುತ್ತೇವೆ ಅಂದಾಗ ಮಾತ್ರ ರಸ್ತೆ ಕಿರಿದಾಯಿತು.

ಈ ನಿಯಮ ಎಲ್ಲಿಯದು? ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2015ರದ್ದು. ಇದಕ್ಕೆ ಸರಕಾರದ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ಹೆಸರೇ ಹೇಳುವಂತೆ 2015ರವರೆಗಿನ ಬೆಂಗಳೂರನ್ನು ಲೆಕ್ಕ ಹಾಕಿ ಮಾಡಿದ್ದು. ಆಮೇಲೆ 2031ರ ಯೋಜನೆಯ ಕರಡು 2017ರಲ್ಲಿ ಹೊರಬಂತು, ಗಲಾಟೆಯಾಯಿತು, 2020ರಲ್ಲಿ ಸರಕಾರ ಅದನ್ನು ಕೈಬಿಟ್ಟಿತು. ಹೀಗಾಗಿ ಮೆಟ್ರೋ ಇನ್ನೂ ಓಡದಿದ್ದ, ಫೋನಿನಲ್ಲಿ ದುಡ್ಡು ಕೊಡುವುದು ಯಾರಿಗೂ ಗೊತ್ತಿರದಿದ್ದ ಕಾಲದ ನಕ್ಷೆಯನ್ನು ಮುಂದಿಟ್ಟುಕೊಂಡೇ ಊರು ನಡೆಯುತ್ತಿದೆ. ಆ ನಕ್ಷೆಯಲ್ಲಿ ವಸತಿಗೆ ಹಳದಿ ಬಣ್ಣ, ವಾಣಿಜ್ಯಕ್ಕೆ ನೀಲಿ. ನಮ್ಮ ಬೀದಿ ಪೂರ್ತಿ ಹಳದಿ. ಶೆಟ್ಟರ ಅಂಗಡಿಗೆ ಅದರಲ್ಲಿ ಒಂದು ಚುಕ್ಕಿಯಷ್ಟೂ ನೀಲಿ ಇಲ್ಲ.

ನಿಯಮ ಮಾಡಿದವರ ಉದ್ದೇಶ ಕೆಟ್ಟದ್ದಲ್ಲ. ಇಂದಿರಾನಗರ, ಕೋರಮಂಗಲಗಳಲ್ಲಿ ಮನೆಗಳ ಮಧ್ಯೆ ಪಬ್ಬುಗಳು ತಲೆಯೆತ್ತಿ, ರಾತ್ರಿಯಿಡೀ ಗದ್ದಲ, ಗೇಟಿನ ಮುಂದೆ ಅಡ್ಡಾದಿಡ್ಡಿ ಕಾರು, ವಯಸ್ಸಾದವರಿಗೆ ನಿದ್ದೆಯಿಲ್ಲ ಎಂಬಂತಾದಾಗ ನಿವಾಸಿಗಳು ಬೀದಿಗಿಳಿದರು, ಕೋರ್ಟಿಗೂ ಹೋದರು. ಅವರು ಕೇಳಿದ್ದು ನ್ಯಾಯವೇ. ಆದರೆ ಪಬ್ಬಿಗೆ ಹಾಕಿದ ಬಲೆಯಲ್ಲಿ ಬಿದ್ದದ್ದು ಕೊತ್ತಂಬರಿ ಸೊಪ್ಪು. ಪಬ್ಬಿನವರು 40 ಅಡಿ, 60 ಅಡಿ, 100 ಅಡಿ ರಸ್ತೆ ಹುಡುಕಿಕೊಂಡು ಹೋಗಬಲ್ಲರು, ಬಾಡಿಗೆ ಕೊಡಬಲ್ಲರು. ಕಾಲು ಕೆಜಿ ಬೇಳೆ ಮಾರುವವರು ಮೇನ್ ರೋಡಿನ ಬಾಡಿಗೆ ಕೊಟ್ಟು ಬದುಕಲಾರರು.

ಅಷ್ಟಕ್ಕೂ ರಸ್ತೆಯ ಅಗಲ ಯಾಕೆ ಬೇಕು? ಗಿರಾಕಿ ಕಾರಿನಲ್ಲಿ ಬರುತ್ತಾನೆ, ಕಾರು ನಿಲ್ಲಿಸಲು ಜಾಗ ಬೇಕು ಅನ್ನುವ ಲೆಕ್ಕಾಚಾರ ಇದರ ಹಿಂದಿದೆ. ಶೆಟ್ಟರ ಅಂಗಡಿಗೆ ಕಾರಿನಲ್ಲಿ ಬಂದವರನ್ನು ನಾನಂತೂ ಕಂಡಿಲ್ಲ. ನೈಟಿ ಮೇಲೊಂದು ಟವೆಲು ಹೊದ್ದು ಬರುವವರು, ಹವಾಯಿ ಚಪ್ಪಲಿ ಎಳೆದುಕೊಂಡು ಬರುವವರು, ಕೈಯಲ್ಲಿ 10 ರೂಪಾಯಿ ಬಿಗಿಹಿಡಿದು ಓಡಿಬರುವ ಮಕ್ಕಳು. ಇವರೆಲ್ಲರಿಗೂ ಬೇಕಾದದ್ದು ನಡೆಯಲು ಮೂರಡಿ ಜಾಗ.

ಈಗ ಅದೇ 30 ಅಡಿ ರಸ್ತೆಯಲ್ಲಿ ನಿಂತು ನೋಡಿ. ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುತ್ತೇವೆ ಎನ್ನುವ ಕಂಪನಿಗಳ ಸ್ಕೂಟರುಗಳು ಬೆಳಗಿನಿಂದ ನಡುರಾತ್ರಿವರೆಗೆ ಓಡುತ್ತವೆ. ಒಂದು ಕೊತ್ತಂಬರಿ ಕಟ್ಟಿಗೆ ಒಂದು ಸ್ಕೂಟರು. ಪಾಪ, ಆ ಹುಡುಗರ ತಪ್ಪಲ್ಲ, ತಡವಾದರೆ ಅವರ ಮೈಮೇಲೇ ಬರುತ್ತದೆ. ಆದರೆ ವಾಹನ ಬರಬಾರದು ಅಂತ ಅಂಗಡಿಗೆ ಅನುಮತಿ ನಿರಾಕರಿಸಿದ ರಸ್ತೆಯಲ್ಲಿ, ಅಂಗಡಿ ಇಲ್ಲದ ಕಾರಣಕ್ಕೇ ವಾಹನ ಹೆಚ್ಚಾಗಿದೆ. ಆ ಕಂಪನಿಗಳ ಗೋದಾಮು ಅಗಲದ ರಸ್ತೆಯಲ್ಲಿದೆ, ಕಾಗದ ಸರಿಯಿದೆ. ಟೇಪು ಹಿಡಿದವರು ಗೋದಾಮಿನ ಮುಂದಿನ ರಸ್ತೆ ಅಳೆಯುತ್ತಾರೆ, ಸಾಮಾನು ಹೋಗಿ ಸೇರುವ ರಸ್ತೆಯನ್ನು ಅಳೆಯುವುದಿಲ್ಲ.

ನಮ್ಮ ಮಕ್ಕಳು ಎಲ್ಲವನ್ನೂ ಫೋನಿನಲ್ಲೇ ತರಿಸುತ್ತಾರೆ, ಅವರಿಗೆ ಶೆಟ್ಟರ ಅಂಗಡಿ ಮುಚ್ಚಿದ್ದು ತಿಳಿಯಲೇ ಇಲ್ಲ. ತಿಳಿದದ್ದು ಯಾರಿಗೆ? ನಮ್ಮ ಬೀದಿಯಲ್ಲಿ ಕಟ್ಟುತ್ತಿರುವ ಮನೆಯ ಕಾವಲಿಗೆ ಇರುವ ರಾಯಚೂರು ಕಡೆಯ ಸಂಸಾರಕ್ಕೆ. ಅವತ್ತಿನ ಕೂಲಿಯಲ್ಲಿ ಅವತ್ತಿನ ಅಡುಗೆಗೆ ಬೇಕಾದಷ್ಟು ಎಣ್ಣೆ, ಅವತ್ತಿನ ಅಕ್ಕಿ ಕೊಳ್ಳುವವರು ಅವರು. ಫೋನಿನಲ್ಲಿ ಅಷ್ಟು ಸಣ್ಣ ಆರ್ಡರ್ ಹಾಕಿದರೆ ತಂದುಕೊಡುವ ಚಾರ್ಜೇ ಸಾಮಾನಿಗಿಂತ ಹೆಚ್ಚಾಗುತ್ತದೆ. ನಾಲ್ಕು ಮನೆ ಕೆಲಸ ಮುಗಿಸಿಕೊಂಡು ಹೋಗುವ ಹೆಂಗಸರಿಗೂ ತಿಳಿದಿದೆ, ಸಂಬಳ ಬರುವತನಕ ಪುಸ್ತಕದಲ್ಲಿ ಬರೆಸಿ ತೆಗೆದುಕೊಳ್ಳುವ ಜಾಗ ಅದೊಂದೇ ಆಗಿತ್ತು. ಯಾವ ಆ್ಯಪೂ ಉದ್ರಿ ಕೊಡುವಾಗ ಮುಖ ನೋಡುವುದಿಲ್ಲ. ಮತ್ತೆ, ಎದುರು ಮನೆಯ ಎಂಬತ್ತು ದಾಟಿದ ಅಜ್ಜಿಗೆ. ದಿನಾ ಸಂಜೆ ಒಂದು ಬಿಸ್ಕತ್ ಪೊಟ್ಟಣದ ನೆಪದಲ್ಲಿ ಅಂಗಡಿವರೆಗೆ ನಡೆಯುತ್ತಿದ್ದರು. ಈಗ ಗೇಟಿನ ತನಕ ಬಂದು ನಿಲ್ಲುತ್ತಾರೆ. ಮೇನ್ ರೋಡು ದಾಟಲು ಅವರಿಗೆ ಧೈರ್ಯವಿಲ್ಲ, ನನಗೂ ಅಷ್ಟಕ್ಕಷ್ಟೆ.

ಸೊಸೆಯ ಫೈಲಿಗೆ ವಾಪಸು ಬರೋಣ, ಅದರಲ್ಲಿ ಇನ್ನೊಂದು ಗಂಟಿದೆ. ಅಂಗಡಿಯ ವಾಣಿಜ್ಯ ಮೀಟರನ್ನು ಮುಚ್ಚಿದಾಗಲೇ ತೆಗೆಸಿದ್ದರು, ಸುಮ್ಮನೆ ತಿಂಗಳ ಬಿಲ್ಲು ಯಾಕೆ ಅಂತ. ಈಗ ಹೊಸ ಸಂಪರ್ಕ ಬೇಕು ಅಂದರೆ ಸ್ವಾಧೀನಾನುಭವ ಪತ್ರ, ಅಂದರೆ ಓಸಿ ಕೇಳುತ್ತಾರೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಕೊಟ್ಟ ತೀರ್ಪಿನ ಪರಿಣಾಮ ಇದು. ಓಸಿ ಇಲ್ಲದೆ ಕರೆಂಟು, ನೀರು ಕೊಡಬೇಡಿ, ಅನಧಿಕೃತ ಕಟ್ಟಡದಲ್ಲಿ ವ್ಯಾಪಾರಕ್ಕೆ ಲೈಸೆನ್ಸ್ ಕೊಡಬೇಡಿ ಎಂದು ಕೋರ್ಟು ದೇಶದ ಎಲ್ಲ ರಾಜ್ಯಗಳಿಗೂ ಹೇಳಿತು. ಹಳೆಯ ಬೆಂಗಳೂರಿನಲ್ಲಿ ಓಸಿ ಇರುವ ಮನೆ ಹುಡುಕುವುದು ಸುಲಭವಲ್ಲ. ಆಗ ಅದನ್ನು ಕೇಳುವವರೂ ಇರಲಿಲ್ಲ, ಕೊಡುವವರೂ ಇರಲಿಲ್ಲ. ಜನ ಪರದಾಡಿದ ಮೇಲೆ ರಾಜ್ಯ ಸರಕಾರ 2025ರಲ್ಲಿ 1,200 ಚದರ ಅಡಿವರೆಗಿನ ನಿವೇಶನದ ಮನೆಗಳಿಗೆ ಓಸಿ ವಿನಾಯಿತಿ ಕೊಟ್ಟಿತು. ಶೆಟ್ಟರ ಮೂಲೆ ನಿವೇಶನ 40×60. ಮನೆಯ ಮೀಟರಿನಿಂದಲೇ ಅಂಗಡಿಗೆ ಒಂದು ವೈರು ಎಳೆದುಕೊಳ್ಳಬಹುದಲ್ಲ ಅಂದರೆ, ಅದು ದುರ್ಬಳಕೆ, ಸಿಕ್ಕಿಬಿದ್ದರೆ ದುಪ್ಪಟ್ಟು ದರದಲ್ಲಿ ಕಟ್ಟಿಸಿಕೊಳ್ಳುತ್ತಾರೆ.

ಭೂ ಉಪಯೋಗ ಬದಲಾವಣೆಗೆ ದಾರಿಯಿಲ್ಲವೇ? ಇದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14ಎ ಕಲಮು. ಅರ್ಜಿ ಹಾಕಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಸಾರ್ವಜನಿಕರ ಆಕ್ಷೇಪಣೆಗೆ ಕನಿಷ್ಠ 15 ದಿನ ಕಾಯಬೇಕು, ಶುಲ್ಕ ಕಟ್ಟಬೇಕು. ಎಕರೆಗಟ್ಟಲೆ ಜಮೀನಿನಲ್ಲಿ ಮಾಲ್ ಕಟ್ಟುವವರಿಗೂ, ಗ್ಯಾರೇಜಿನಲ್ಲಿ ಉಪ್ಪು ಹುಣಸೆಹಣ್ಣು ಮಾರುವವರಿಗೂ ಇರುವುದು ಇದೊಂದೇ ಬಾಗಿಲು. ಪ್ರಕಟಣೆಯ ಜಾಹೀರಾತಿಗೆ ಆಗುವ ಖರ್ಚನ್ನು ಕಡಲೆಬೀಜ ಮಾರಿ ಯಾವಾಗ ತೀರಿಸುವುದು?

ಮೊದಲಾಗಿದ್ದರೆ ಕಾರ್ಪೊರೇಟರ್ ಮನೆಗೆ ಹೋಗಿ ಕೂರಬಹುದಿತ್ತು. ಅವರಿಂದ ಕೆಲಸ ಆಗುತ್ತಿತ್ತೋ ಇಲ್ಲವೋ, ಕೇಳಿಸಿಕೊಳ್ಳಲು ಒಬ್ಬರು ಇರುತ್ತಿದ್ದರು. ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ. ಅಷ್ಟರಲ್ಲಿ ಪಾಲಿಕೆಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರ ಕೆಳಗೆ ಐದು ನಗರಪಾಲಿಕೆಗಳಾದವು. ಬೋರ್ಡು ಬದಲಾಯಿತು, ರಸ್ತೆ 30 ಅಡಿಯೇ ಉಳಿಯಿತು.

ನಮ್ಮ ಬೀದಿಯಲ್ಲೇ ಅಂಗಡಿಗೆ ವಿರೋಧ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮೂರನೇ ಮನೆಯ ನಿವೃತ್ತ ಎಂಜಿನಿಯರರು ನನಗೆ ನೇರವಾಗಿ ಹೇಳಿದರು: 'ಇವತ್ತು ದಿನಸಿ ಅಂತಾರೆ. ನಾಳೆ ಒಂದು ಟೀ ಫ್ಲಾಸ್ಕು, ನಾಳಿದ್ದು ಸಿಗರೇಟು. ರಾತ್ರಿ ಹನ್ನೊಂದರವರೆಗೆ ಬೈಕು ನಿಲ್ಲಿಸಿಕೊಂಡು ಹುಡುಗರು ಹರಟೆ ಹೊಡೀತಾರೆ. ಆಮೇಲೆ ಯಾರನ್ನ ಕೇಳೋದು?' ಅವರ ಮಾತಿನಲ್ಲಿ ಹುರುಳಿದೆ. ಪಕ್ಕದ ಬಡಾವಣೆಯಲ್ಲಿ ಕಾಂಡಿಮೆಂಟ್ಸ್ ಅಂಗಡಿಯೊಂದು ಹಾಗೇ ಆಗಿ, ಅದರ ಮೇಲಿನ ಮನೆಯವರು ಕಿಟಕಿ ತೆಗೆಯುವುದನ್ನೇ ಬಿಟ್ಟಿದ್ದಾರೆ. ಆದರೆ ಇದಕ್ಕೆ ಮದ್ದು ರಸ್ತೆಯ ಅಗಲದಲ್ಲಿಲ್ಲ. ಏನು ಮಾರಬಹುದು, ಎಷ್ಟು ಹೊತ್ತು ತೆಗೆದಿರಬಹುದು, ಎಷ್ಟು ಜಾಗ ಬಳಸಬಹುದು ಅನ್ನುವುದರಲ್ಲಿದೆ. ಅದನ್ನು ಲೈಸೆನ್ಸಿನಲ್ಲೇ ಬರೆದು, ಮೀರಿದರೆ ರದ್ದು ಮಾಡಿ. ಸಿಗರೇಟಿನ ಗುಮಾನಿಯ ಮೇಲೆ ಹಾಲಿನ ಅಂಗಡಿ ಮುಚ್ಚಿಸುವುದು ಸೋಮಾರಿ ಆಡಳಿತ.

ಬೇರೆ ದೇಶದವರು ಇದನ್ನು ಹೇಗೆ ಬಿಡಿಸಿದ್ದಾರೆ ಅಂತ ನೋಡಿದರೆ ಜಪಾನಿನ ಕ್ರಮ ನನಗೆ ಹಿಡಿಸಿತು. ಅಲ್ಲಿ ಅತಿ ಕಟ್ಟುನಿಟ್ಟಿನ, ಕಡಿಮೆ ಎತ್ತರದ ಮನೆಗಳ ವಲಯದಲ್ಲೂ ಮನೆಯೊಳಗಿನ ಅಂಗಡಿಗೆ ಅವಕಾಶವಿದೆ. ಷರತ್ತು ಸರಳ: ಅಂಗಡಿ 50 ಚದರ ಮೀಟರಿನೊಳಗಿರಬೇಕು, ಮನೆಯ ಅರ್ಧಕ್ಕಿಂತ ಕಡಿಮೆಯಿರಬೇಕು. ಶೆಟ್ಟರ ಗ್ಯಾರೇಜು ಇದರ ಅರ್ಧವೂ ಇಲ್ಲ.

ನಮ್ಮಲ್ಲೂ ಇಂಥದ್ದೊಂದು ಸಣ್ಣ ತಿದ್ದುಪಡಿ ಸಾಕು. ಮಾಲೀಕರೋ ಅವರ ಮನೆಯವರೋ ಅದೇ ಕಟ್ಟಡದಲ್ಲಿ ವಾಸವಿದ್ದು, ನೆಲಮಹಡಿಯಲ್ಲಿ ನಡೆಸುವ ದಿನಬಳಕೆಯ ಅಂಗಡಿಗೆ ರಸ್ತೆಯ ಅಗಲ ಕೇಳಬೇಡಿ. ಮದ್ಯ, ತಂಬಾಕು, ಒಲೆ ಹಚ್ಚುವ ವ್ಯಾಪಾರ ಬೇಡ, ರಾತ್ರಿ ಒಂಬತ್ತೂವರೆಗೆ ಬಾಗಿಲು ಹಾಕಲಿ. ಹಿಂದೆ ಲೈಸೆನ್ಸ್ ಇದ್ದು ನಿಂತುಹೋದ ಅಂಗಡಿಯನ್ನು ಅದೇ ಮನೆಯವರು ಮತ್ತೆ ತೆರೆಯುವುದಾದರೆ ಹೊಸ ಅರ್ಜಿ ಎನ್ನದೆ ಮುಂದುವರಿಕೆ ಎಂದೇ ನೋಡಿ. ಆಕ್ಷೇಪಣೆ ಕೇಳುವುದಿದ್ದರೆ ಪತ್ರಿಕೆಯ ಜಾಹೀರಾತು ಬೇಡ, ಷಟರಿಗೆ ಒಂದು ನೋಟಿಸು ಅಂಟಿಸಿ. ಬೀದಿಯವರು ಓದುತ್ತಾರೆ, ನಮ್ಮ ಎಂಜಿನಿಯರರಂತೂ ಖಂಡಿತ ಬಂದು ಹೇಳುತ್ತಾರೆ. ಓಸಿ ಇಲ್ಲದ ಹಳೆಯ ಕಟ್ಟಡಗಳ ಪ್ರಶ್ನೆಯನ್ನು ರಾಜ್ಯ ಸರಕಾರ ಸುಪ್ರೀಂ ಕೋರ್ಟಿನ ಮುಂದೆಯೇ ಇಟ್ಟು ದಾರಿ ಕೇಳಬೇಕು. ವಾರ್ಡ್ ಕಚೇರಿಯ ಗುಮಾಸ್ತರ ಕೈಯಲ್ಲಿ ಅದು ಬಗೆಹರಿಯುವಂಥದ್ದಲ್ಲ.

ಬೆಂಗಳೂರಿಗೆ ಹೊಸ ಮಹಾಯೋಜನೆ ಇಂದಲ್ಲ ನಾಳೆ ಬರಲೇಬೇಕು. ಕರಡು ಪ್ರಕಟವಾದ ದಿನದಿಂದ 60 ದಿನಗಳೊಳಗೆ ಯಾರು ಬೇಕಾದರೂ ಬರವಣಿಗೆಯಲ್ಲಿ ಅಭಿಪ್ರಾಯ ಕೊಡಬಹುದು ಎಂದು ಅದೇ 1961ರ ಕಾಯ್ದೆಯ 13ನೇ ಕಲಮು ಹೇಳುತ್ತದೆ.  ಈ ಸಲ ನಿಮ್ಮ ಬೀದಿಯಲ್ಲಿ ಮುಚ್ಚಿರುವ ಅಂಗಡಿಯ ಬಗ್ಗೆಯೂ ಒಂದು ಹಾಳೆ ಬರೆಯಿರಿ. ರಸ್ತೆಯ ಅಗಲ ಎಷ್ಟು, ಅಂಗಡಿ ಎಷ್ಟು ವರ್ಷ ನಡೆದಿತ್ತು, ಈಗ ಅಲ್ಲಿಯವರು ಹಾಲಿಗೆ ಎಷ್ಟು ದೂರ ಹೋಗಬೇಕು ಅನ್ನುವಷ್ಟಿದ್ದರೆ ಸಾಕು. ಕೆಳಗೆ ಸಹಿ ಹಾಕಿ, ಕಚೇರಿಯಿಂದ ಸ್ವೀಕೃತಿ ಪತ್ರ ಕೇಳಿ ತೆಗೆದುಕೊಳ್ಳಿ.