ಕರೆ ಬರುವ ಮೊದಲೇ

ಅಮೆರಿಕದ ಪೌರರಾದ ಮೇಲೆ ಹೆತ್ತ ತಾಯಿಯ ಮುಖ ನೋಡಲಿಕ್ಕೂ ವೀಸಾ ಬೇಕೆಂಬುದು ನಮಗೆ ಮನದಟ್ಟಾದದ್ದು ಊರಿನಿಂದ ಕರೆ ಬಂದ ನಡುರಾತ್ರಿ. ಟಿಕೆಟ್ ಸಿಕ್ಕಿತು, ಭಾರತದ ಪಾಸ್‌ಪೋರ್ಟ್ ಒಪ್ಪಿಸಿದ ಸರಂಡರ್ ಸರ್ಟಿಫಿಕೇಟು ಸಿಗಲಿಲ್ಲ. ಪೆಟ್ಟಿಗೆಗಳನ್ನು ತಡಕಾಡುವುದರಲ್ಲೇ ಒಂದು ದಿನ ಹೋಯಿತು. ನಾವು ತಲುಪುವಷ್ಟರಲ್ಲಿ ಚಿತೆ ಆರಿತ್ತು.

ವರ್ಜೀನಿಯ, ಮೇರಿಲ್ಯಾಂಡ್, ಉತ್ತರ ಕ್ಯಾರೊಲಿನದವರಿಗೆ ವಾಷಿಂಗ್ಟನ್ನಿನ ರಾಯಭಾರ ಕಚೇರಿ. ಜಾರ್ಜಿಯ, ದಕ್ಷಿಣ ಕ್ಯಾರೊಲಿನದವರಿಗೆ 2012ರಲ್ಲಿ ತೆರೆದ ಅಟ್ಲಾಂಟದ ಕಾನ್ಸುಲೇಟು. ಷಾರ್ಲಟ್‌ನವರು ಹತ್ತಿರವೆಂದು ಅಟ್ಲಾಂಟಕ್ಕೆ ಓಡಬೇಡಿ. ಇ-ವೀಸಾಕ್ಕೂ ಕನಿಷ್ಠ ನಾಲ್ಕು ದಿನ ಮೊದಲು ಅರ್ಜಿ ಹಾಕಿರಬೇಕು. ಸಾವು ಅಷ್ಟು ಕಾಯುವುದಿಲ್ಲ. ಎಲ್ಲರೂ ಸುಖವಾಗಿರುವಾಗಲೇ ಓಸಿಐ ಮಾಡಿಸಿ, ಸರ್ಟಿಫಿಕೇಟಿನೊಡನೆ ಒಂದೇ ಕವರಿನಲ್ಲಿಡಿ. ನಮಗಾದದ್ದು ನಿಮಗಾಗದಿರಲಿ.