ತಿಗಣೆ ಕಚ್ಚಿದರೆ ಕೇಳುವ ಹಕ್ಕಿದೆ

ಆಸ್ಪತ್ರೆ, ಪರೀಕ್ಷೆ, ಭತ್ತದ ವ್ಯವಹಾರವೆಂದು ರಾಯಚೂರು ಜಿಲ್ಲೆಯ ದಢೇಸುಗೂರು, ಸಿಂಧನೂರು, ಮಸ್ಕಿ ಕಡೆಯ ಜನ ಪರವೂರಿನ ಲಾಡ್ಜ್‌ಗಳಲ್ಲಿ ತಂಗುವುದುಂಟು. ಹಾಸಿಗೆಯಲ್ಲಿ ತಿಗಣೆ ಕಚ್ಚಿ ಮೈಯೆಲ್ಲ ದದ್ದೆದ್ದರೂ ಹಣೆಬರಹವೆಂದು ಸುಮ್ಮನಾಗುವವರೇ ಹೆಚ್ಚು. ಹಾಗೆ ಸುಮ್ಮನಾಗಬೇಕಿಲ್ಲ.

ದುಡ್ಡು ಪಡೆದು ಶುಚಿಯಾದ ಹಾಸಿಗೆ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವಾ ನ್ಯೂನತೆ. ಮಂಗಳೂರಿನಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸಿನಲ್ಲಿ ತಿಗಣೆ ಕಚ್ಚಿಸಿಕೊಂಡ ಪ್ರಯಾಣಿಕರೊಬ್ಬರಿಗೆ ಸುಮಾರು 1.29 ಲಕ್ಷ ರೂಪಾಯಿ ಕೊಡುವಂತೆ ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕರ ಆಯೋಗ ಆದೇಶಿಸಿತ್ತು. ಬಸ್ಸಿನ ಸೀಟಿಗೆ ಸಲ್ಲುವ ನ್ಯಾಯ ಲಾಡ್ಜಿನ ಮಂಚಕ್ಕೂ ಸಲ್ಲಬೇಕು.

ಲಾಡ್ಜ್ ಯಾವ ಊರಿನದಾದರೂ ನಮ್ಮವರು ರಾಯಚೂರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ದೂರುದಾರ ವಾಸಿಸುವ ಜಿಲ್ಲೆಯಲ್ಲಿ ದಾವೆ ಹೂಡಲು ಕಾಯ್ದೆ ಅವಕಾಶ ಕೊಟ್ಟಿದೆ. ದೂರು ಕೊಡಲು ಇರುವ ಅವಧಿ 2 ವರ್ಷ. ಕೊಟ್ಟ ಬಾಡಿಗೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ ಸಾಕ್ಷ್ಯ ಬೇಕೇ ಬೇಕು: ರಸೀದಿ, ಹಾಸಿಗೆಯ ಮತ್ತು ಗಾಯದ ಫೋಟೊ, ವೈದ್ಯರ ಚೀಟಿ, ಮ್ಯಾನೇಜರಿಗೆ ಬರೆದುಕೊಟ್ಟ ದೂರಿನ ಪ್ರತಿ.

ಲಾಡ್ಜ್ ಮಾಲೀಕರು ಹಾಸಿಗೆ, ಮಂಚದ ಸಂದುಗಳನ್ನು ಆಗಾಗ ಪರೀಕ್ಷಿಸಲಿ. ಸ್ಥಳೀಯ ಸಂಸ್ಥೆಗಳು ಪರವಾನಗಿ ನವೀಕರಿಸುವ ಮುನ್ನ ಕೋಣೆಗಳನ್ನು ಕಣ್ಣಾರೆ ನೋಡಲಿ. ತೊಂದರೆಗೊಳಗಾದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಲು ಹಿಂಜರಿಯದಿರಲಿ.