ಸರೀಕರೊಡನೆ ಆಟ

ಜೂನ್ ಬಂತೆಂದರೆ ನಮ್ಮ ಘಾಟ್ಕೋಪರಿನ ಕನ್ನಡಿಗರ ಮನೆಗಳಲ್ಲಿ ಮಳೆಯ ಮಾತಿಗಿಂತ ಕಾಲೇಜಿನ ಮಾತೇ ಹೆಚ್ಚು. ಯಾವ ಕಾಲೇಜು, ಫೀಸು ಎಷ್ಟು, ಸ್ಟೇಷನ್ನಿನಿಂದ ಎಷ್ಟು ದೂರ, ಮುಂದೆ ನೌಕರಿ ಸಿಕ್ಕೀತೇ ಎಂದು ಪ್ರಶ್ನೆಗಳು ಒಂದರ ಮೇಲೊಂದು ಬರುತ್ತವೆ. ಆದರೆ ಕಬಡ್ಡಿಯಲ್ಲಿ ಶಾಲೆಗೆ ಬಹುಮಾನ ತಂದ ಮಗಳಿದ್ದರೂ, ‘ಈ ಕಾಲೇಜು ಯಾರ ಯಾರ ಸಂಗಡ ಆಡುತ್ತದೆ?’ ಎಂದು ಕೇಳುವ ತಂದೆತಾಯಿಗಳು ಅಪರೂಪ. ಆಟವೆಂಬುದು ಒಬ್ಬರಿಂದ ಆಗುವ ಕೆಲಸವಲ್ಲ, ಎದುರಾಳಿ ಬೇಕು. ಎದುರಾಳಿ ಎಂಥವನೋ ಆಟಗಾರನೂ ಅಂಥವನಾಗುತ್ತಾನೆ. ಆದುದರಿಂದ ಈ ಸಲ ನಮ್ಮ ಅಂಕಣವನ್ನು ಈ ಕೇಳದ ಪ್ರಶ್ನೆಗೇ ಮೀಸಲಿಡೋಣ ಎಂದುಕೊಂಡಿದ್ದೇವೆ.

ನಮ್ಮ ಬಂಧುಗಳಲ್ಲಿ ಅನೇಕರ ಮೊಮ್ಮಕ್ಕಳು ಇಂದು ಅಮೆರಿಕೆಯಲ್ಲಿ ಓದುತ್ತಿದ್ದಾರೆ. ಅಲ್ಲಿಯ ಪತ್ರಿಕೆಗಳಲ್ಲಿ ‘ಇಂಥ ಕಾಲೇಜು ಇಂಥ ಕಾನ್ಫರೆನ್ಸನ್ನು ಬಿಟ್ಟು ಇನ್ನೊಂದಕ್ಕೆ ಸೇರಿತು’ ಎಂಬ ಸುದ್ದಿ ಆಗಾಗ ಬರುತ್ತದೆ. ಕಾನ್ಫರೆನ್ಸ್ ಎಂದರೆ ಭಾಷಣದ ಸಭೆಯಲ್ಲ. ವರ್ಷವಿಡೀ ತಮ್ಮತಮ್ಮೊಳಗೆ ಪಂದ್ಯವಾಡಲು ಒಪ್ಪಿಕೊಂಡ ಕೆಲವು ಕಾಲೇಜುಗಳ ಒಕ್ಕೂಟ. ಇವೆಲ್ಲದರ ಮೇಲೆ 1906ರಲ್ಲಿ ಹುಟ್ಟಿದ ಒಂದು ರಾಷ್ಟ್ರೀಯ ಸಂಸ್ಥೆಯಿದೆ. 1973ರಲ್ಲಿ ಅದು ಕಾಲೇಜುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿತು. ಮೂರನೆಯ ವರ್ಗದಲ್ಲಿರುವವು ಹೆಚ್ಚಾಗಿ ಸಣ್ಣ ಕಾಲೇಜುಗಳು. ಅಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಓದಲು ಬಂದವರೇ ಆಡಬೇಕು.

ಸಣ್ಣ ಕಾಲೇಜೊಂದು ಹಳೆಯ ಒಕ್ಕೂಟವನ್ನು ಬಿಡಲು ಕಾರಣಗಳೇನು? ಮೊದಲನೆಯದು ದೂರ. ಆಡಲು ಹೋಗಿಬರುವುದರಲ್ಲಿ ಎರಡು ದಿನದ ಪಾಠ ತಪ್ಪಿದರೆ ವಿದ್ಯಾರ್ಥಿ ಆಟಗಾರನಾಗಿ ಉಳಿದಾನೇ ಹೊರತು ವಿದ್ಯಾರ್ಥಿಯಾಗಿ ಉಳಿಯಲಾರ. ಎರಡನೆಯದು ಹಣ. ಬಸ್ಸು, ವಸತಿ, ಊಟ, ತರಬೇತುದಾರರ ಸಂಬಳ ಎಲ್ಲವೂ ಕೊನೆಗೆ ವಿದ್ಯಾರ್ಥಿಗಳ ಫೀಸಿಗೇ ಬಂದು ತಾಗುತ್ತವೆ. ಮೂರನೆಯದು ಬಲ. ಪ್ರತಿ ವರ್ಷವೂ ಸೋಲುವುದೇ ನಿಶ್ಚಯವಾದರೆ ಆಟದಲ್ಲಿ ಕಲಿಯುವುದೇನೂ ಉಳಿಯುವುದಿಲ್ಲ; ಗೆಲ್ಲುವುದೇ ನಿಶ್ಚಯವಾದರೂ ಅಷ್ಟೆ. ನಾಲ್ಕನೆಯದು ಸಹವಾಸ. ಯಾವ ಕಾಲೇಜುಗಳ ಹೆಸರಿನ ಜೊತೆ ತನ್ನ ಹೆಸರು ಕೇಳಿಬರಬೇಕೆಂಬ ಆಸೆ ಕಾಲೇಜಿಗೂ ಇರುತ್ತದೆ. ಮನೆತನಕ್ಕೆ ಸಂಬಂಧ ನೋಡುವಾಗ ನಮ್ಮ ಹಿರಿಯರು ಇದನ್ನೇ ‘ಸರೀಕರು’ ಎನ್ನುತ್ತಿದ್ದರು.

ಬಲದ ವಿಚಾರಕ್ಕೆ ಒಂದು ನಿದರ್ಶನ ಕೊಡುತ್ತೇವೆ. ಮಿನ್ನೆಸೋಟಾ ರಾಜ್ಯದ ಸೇಂಟ್ ಥಾಮಸ್ ವಿಶ್ವವಿದ್ಯಾನಿಲಯವು 1920ರಲ್ಲಿ ಅಲ್ಲಿಯ ಸಣ್ಣ ಕಾಲೇಜುಗಳ ಒಕ್ಕೂಟವನ್ನು ಕಟ್ಟಿದವುಗಳಲ್ಲಿ ಒಂದು. ಕಾಲಕ್ರಮದಲ್ಲಿ ಅದು ಬೆಳೆದು ಆರು ಸಾವಿರಕ್ಕೂ ಹೆಚ್ಚು ಪದವಿ ವಿದ್ಯಾರ್ಥಿಗಳ ಸಂಸ್ಥೆಯಾಯಿತು. ಜೊತೆಯವು ಬಹುಮಟ್ಟಿಗೆ ಇದ್ದಲ್ಲೇ ಇದ್ದವು. 2017ರಲ್ಲಿ ಸುಮಾರು ಮೂರು ಸಾವಿರ ವಿದ್ಯಾರ್ಥಿಗಳ ಸೇಂಟ್ ಓಲಾಫ್ ಕಾಲೇಜಿನ ಮೇಲೆ ಅದು ಅಮೆರಿಕನ್ ಫುಟ್‌ಬಾಲಿನಲ್ಲಿ 97–0ರಿಂದ ಗೆದ್ದಿತು. 2019ರಲ್ಲಿ ಒಕ್ಕೂಟದವರು, ಬಲದಲ್ಲಿ ಸಮತೂಕ ಉಳಿದಿಲ್ಲವೆಂದು ಹೇಳಿ, ಸ್ಥಾಪಕ ಸದಸ್ಯನನ್ನೇ ಹೊರಗೆ ಕಳುಹಿಸಲು ನಿರ್ಧರಿಸಿದರು. 2021ರಲ್ಲಿ ಸೇಂಟ್ ಥಾಮಸ್ ಮೂರನೆಯ ವರ್ಗದಿಂದ ನೇರವಾಗಿ ಮೊದಲನೆಯ ವರ್ಗಕ್ಕೆ ಏರಿತು. ಇದರಲ್ಲಿ ತಪ್ಪು ಯಾರದು? ಬೆಳೆದವನದೂ ಅಲ್ಲ, ಬೆಳೆಯದೆ ಉಳಿದವರದೂ ಅಲ್ಲ. ತೊಟ್ಟಿಲಲ್ಲಿ ಬೆಳೆದ ಮಗುವಿಗೆ ಒಂದು ದಿನ ತೊಟ್ಟಿಲು ಸಾಲದಾಗುವುದು ಸಹಜವೇ.

ಸಹವಾಸದ ವಿಚಾರಕ್ಕೆ ಶಿಕಾಗೋ ವಿಶ್ವವಿದ್ಯಾನಿಲಯದ ಕಥೆ ಇನ್ನೂ ಸೊಗಸಾಗಿದೆ. ದೇಶದ ಬಲಿಷ್ಠ ಒಕ್ಕೂಟಗಳಲ್ಲಿ ಒಂದಾದ ‘ಬಿಗ್ ಟೆನ್’ನ ಸ್ಥಾಪಕರಲ್ಲಿ ಅದೂ ಒಂದು. ಆದರೆ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಅವರ ಕಾಲದಲ್ಲಿ, 1939ರಲ್ಲಿ, ಅದು ಫುಟ್‌ಬಾಲನ್ನೇ ನಿಲ್ಲಿಸಿತು. 1946ರಲ್ಲಿ ಒಕ್ಕೂಟವನ್ನೂ ಬಿಟ್ಟಿತು. ವಿದ್ಯೆಯ ಮನೆಯಲ್ಲಿ ಆಟ ಯಜಮಾನನಾಗಬಾರದೆಂಬುದು ಅವರ ಮತ. ಮುಂದೆ 1986ರಲ್ಲಿ ತನ್ನಂತೆಯೇ ವಿದ್ಯೆಗೆ ಮೊದಲ ಮಣೆ ಹಾಕುವ ಸಂಸ್ಥೆಗಳ ಜೊತೆಗೂಡಿ ಹೊಸ ಒಕ್ಕೂಟವನ್ನು ಕಟ್ಟಿತು. ಅದರ ಸದಸ್ಯರು ನ್ಯೂಯಾರ್ಕಿನಿಂದ ಅಟ್ಲಾಂಟಾದವರೆಗೆ ಹರಡಿಕೊಂಡವರು. ಅಂದರೆ, ಪಯಣ ದೂರವಾದರೂ ಸರಿ, ಸರೀಕರು ಸಿಕ್ಕಬೇಕೆಂದು ಅವರು ಎಣಿಸಿದರು.

ಇದಕ್ಕೆ ತದ್ವಿರುದ್ಧವಾದ ದೃಶ್ಯವನ್ನು 2024ರಲ್ಲಿ ಕಂಡೆವು. ಟೆಲಿವಿಷನ್ನಿನ ಹಣದ ಸೆಳೆತದಲ್ಲಿ ಪಶ್ಚಿಮ ತೀರದ ಹಳೆಯ ಒಕ್ಕೂಟ ಒಡೆದು, ಪೆಸಿಫಿಕ್ ಸಮುದ್ರದ ಬದಿಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯ ‘ಅಟ್ಲಾಂಟಿಕ್ ತೀರ’ ಎಂಬ ಹೆಸರಿನ ಒಕ್ಕೂಟಕ್ಕೆ ಸೇರಿತು! ಅದರ ಒಬ್ಬ ಎದುರಾಳಿಯಾದ ಬಾಸ್ಟನ್ ಕಾಲೇಜು ಅಲ್ಲಿಂದ ನಾಲ್ಕು ಸಾವಿರ ಕಿಲೋಮೀಟರಿಗೂ ದೂರ. ಹಣವಿದ್ದವರು ವಿಮಾನ ಹತ್ತಿಯಾರು. ಸಣ್ಣ ಕಾಲೇಜಿಗೆ ಈ ಶೋಕಿ ಸಲ್ಲದು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

‘ಅಮೆರಿಕೆಯ ಸುದ್ದಿ ನಮಗೇಕೆ?’ ಎಂದು ವಾಚಕರು ಹುಬ್ಬು ಗಂಟಿಕ್ಕುವ ಮೊದಲೇ ನಮ್ಮ ಊರಿಗೆ ಬರೋಣ. ನಮ್ಮಲ್ಲಿ ಕಾಲೇಜು ಯಾರೊಡನೆ ಆಡಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದು ಸೇರಿದ ವಿಶ್ವವಿದ್ಯಾನಿಲಯ. ಮೊದಲು ಅಂತರ ಕಾಲೇಜು ಪಂದ್ಯ. ಅಲ್ಲಿಂದ ಆಯ್ದವರ ವಿಶ್ವವಿದ್ಯಾನಿಲಯ ತಂಡ. ಆಮೇಲೆ ವಲಯದ, ಅಖಿಲ ಭಾರತದ ಅಂತರ ವಿಶ್ವವಿದ್ಯಾನಿಲಯ ಪಂದ್ಯಗಳು. 2020ರಿಂದ ಖೇಲೋ ಇಂಡಿಯಾ ಕ್ರೀಡಾಕೂಟವೂ ಇದಕ್ಕೆ ಕೂಡಿಕೊಂಡಿದೆ. ಆದುದರಿಂದ ಕಾಲೇಜು ವಿಶ್ವವಿದ್ಯಾನಿಲಯವನ್ನು ಬದಲಿಸಿದಾಗ ಪದವಿಪತ್ರದ ಮೊಹರು ಮಾತ್ರವಲ್ಲ, ಆಟದ ಅಂಗಳವೂ ಬದಲಾಗುತ್ತದೆ.

ಈ ಬದಲಾವಣೆ ಕನ್ನಡಿಗರಿಗೆ ಹೊಸದಲ್ಲ. ಧಾರವಾಡದ ಕರ್ನಾಟಕ ಕಾಲೇಜು (1917), ಬೆಳಗಾವಿಯ ಲಿಂಗರಾಜ ಕಾಲೇಜು (1933) ಇವೆರಡೂ ಒಂದು ಕಾಲಕ್ಕೆ ಮುಂಬಯಿ ವಿಶ್ವವಿದ್ಯಾನಿಲಯದ ಮಡಿಲಲ್ಲಿದ್ದವು. ಧಾರವಾಡದ ಹುಡುಗರು ಪುಣೆಯಲ್ಲಿ ಗಾಡಿ ಬದಲಿಸಿ ಮುಂಬಯಿ ಮುಟ್ಟಬೇಕಾಗಿದ್ದ ದಿನಗಳವು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಹುಟ್ಟಿದಾಗ ಅವು ಅದರ ಕಡೆಗೆ ಬಂದವು. ನಮ್ಮ ಕರಾವಳಿಯ ಕಥೆಯೂ ಇಂಥದೇ. ಮಂಗಳೂರು, ಉಡುಪಿಯ ಹಳೆಯ ಕಾಲೇಜುಗಳು ಸುಮಾರು 900 ಕಿಲೋಮೀಟರ್ ದೂರದ ಮದರಾಸಿಗೆ ಸೇರಿದ್ದವು. ಉಡುಪಿಯ ಮಹಾತ್ಮಾ ಗಾಂಧಿ ಮೆಮೋರಿಯಲ್ ಕಾಲೇಜು 1949ರಲ್ಲಿ ಆರಂಭವಾದುದೂ ಆ ಆಶ್ರಯದಲ್ಲೇ. ರಾಜ್ಯಗಳ ಪುನರ್ವಿಂಗಡಣೆಯ ಅನಂತರ ಈ ಕಾಲೇಜುಗಳು ಕನ್ನಡ ನಾಡಿನೊಳಗೆ ಬಂದವು. ಮೈಸೂರು ವಿಶ್ವವಿದ್ಯಾನಿಲಯವನ್ನು ಕಂಡು, 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಪಾಲಾದವು. ಅಂಗಳ ಚಿಕ್ಕದಾಯಿತೆಂದು ಕೊರಗುವವರಿಗೆ ಒಂದು ಮಾತು: ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ಸಿನಲ್ಲಿ ಅದೇ ಮಂಗಳೂರು ವಿಶ್ವವಿದ್ಯಾನಿಲಯ ಹಲವು ಬಾರಿ ಸಮಗ್ರ ಪ್ರಶಸ್ತಿ ಗೆದ್ದಿದೆ. ಅದರಲ್ಲಿ ಮೂಡುಬಿದಿರೆಯ ಆಳ್ವಾಸ್ ಕಾಲೇಜಿನ ಪಾಲು ದೊಡ್ಡದು.

ಈಗ ನಮ್ಮ ಮನೆ ಬಾಗಿಲಿಗೆ. ಘಾಟ್ಕೋಪರಿನ ಪಕ್ಕದ ಸ್ಟೇಷನ್ನಾದ ವಿದ್ಯಾವಿಹಾರದಲ್ಲಿ 2019ರಲ್ಲಿ ಸೋಮಯ್ಯ ವಿದ್ಯಾವಿಹಾರ್ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅಲ್ಲಿಯ ಎಂಜಿನಿಯರಿಂಗ್ ಕಾಲೇಜು ಮುಂಬಯಿ ವಿಶ್ವವಿದ್ಯಾನಿಲಯದ ನೆರಳಿನಿಂದ ಹೊಸ ಸೂರಿನ ಕೆಳಗೆ ಬಂತು. ದಕ್ಷಿಣ ಮುಂಬಯಿಯ ಎಲ್ಫಿನ್‌ಸ್ಟನ್, ಸಿಡನ್‌ಹ್ಯಾಮ್ ಕಾಲೇಜುಗಳು 2019ರಲ್ಲಿ ಹೋಮಿ ಭಾಭಾ ರಾಜ್ಯ ವಿಶ್ವವಿದ್ಯಾನಿಲಯಕ್ಕೂ, ಕೆ. ಸಿ. ಮತ್ತು ಎಚ್. ಆರ್. ಕಾಲೇಜುಗಳು 2020ರಲ್ಲಿ ಎಚ್. ಎಸ್. ಎನ್. ಸಿ. ವಿಶ್ವವಿದ್ಯಾನಿಲಯಕ್ಕೂ ಸೇರಿದವು. ಆದರೆ ಸ್ವಾಯತ್ತತೆ ಬೇರೆ, ವಿಶ್ವವಿದ್ಯಾನಿಲಯವಾಗುವುದು ಬೇರೆ ಎಂಬುದನ್ನು ಗಮನಿಸಬೇಕು. 1963ರಲ್ಲಿ ಆರಂಭವಾದ ನಮ್ಮ ಘಾಟ್ಕೋಪರಿನ ರಾಮ್‌ನಿರಂಜನ್ ಝುಂಝುನ್‌ವಾಲಾ ಕಾಲೇಜು ಸ್ವಾಯತ್ತವಾದರೂ ಮುಂಬಯಿ ವಿಶ್ವವಿದ್ಯಾನಿಲಯಕ್ಕೇ ಸಂಯೋಜಿತವಾಗಿದೆ.

ಇದರಿಂದ ಮಕ್ಕಳಿಗೆ ಲಾಭವೋ ನಷ್ಟವೋ? ಎರಡೂ ಉಂಟು. ಮುಂಬಯಿ ವಿಶ್ವವಿದ್ಯಾನಿಲಯದ ಅಂಗಳ ನಗರದಿಂದ ಸಿಂಧುದುರ್ಗದವರೆಗೆ ಏಳು ಜಿಲ್ಲೆಗಳಷ್ಟು ವಿಶಾಲ. ಅಲ್ಲಿ ತಂಡಕ್ಕೆ ಆಯ್ಕೆಯಾಗುವುದೇ ಒಂದು ತಪಸ್ಸು. ಸೇಂಟ್ ಝೇವಿಯರ್ಸ್ ಕಾಲೇಜಿನ ಸುನಿಲ್ ಗಾವಸ್ಕರ್ ಅವರಂಥವರು ಹದಗೊಂಡುದು ಅಂಥ ಪೈಪೋಟಿಯಲ್ಲಿ. ಚಿಕ್ಕ ವಿಶ್ವವಿದ್ಯಾನಿಲಯದಲ್ಲಿ ತಂಡದೊಳಗೆ ಸ್ಥಾನ ಬೇಗ ಸಿಗುತ್ತದೆ; ಅಂತರ ವಿಶ್ವವಿದ್ಯಾನಿಲಯ ಪಂದ್ಯಕ್ಕೆ ಬಾಗಿಲು ಹತ್ತಿರವಾಗುತ್ತದೆ. ಆದರೆ ಆ ಬಾಗಿಲಾಚೆ ನಿಂತಿರುವುದು ನೂರಾರು ಕಾಲೇಜುಗಳಿಂದ ಆಯ್ದು ತಂದ ತಂಡ. ವಾರವಾರವೂ ಗಟ್ಟಿ ಎದುರಾಳಿ ಸಿಗದಿದ್ದರೆ ಅಲ್ಲಿ ನಿಲ್ಲುವುದು ಕಷ್ಟ.

ಸಹವಾಸದ ಬಗ್ಗೆ ಮುಂಬಯಿ ಕಲಿತ ಪಾಠವನ್ನೂ ಮರೆಯಬಾರದು. 1907ರಲ್ಲಿ ಯುರೋಪಿಯನ್, ಪಾರ್ಸಿ, ಹಿಂದೂ ಎಂಬ ಮೂರು ತಂಡಗಳ ಕ್ರಿಕೆಟ್ ಪಂದ್ಯ ಆರಂಭವಾಯಿತು. 1912ರಲ್ಲಿ ಮುಸ್ಲಿಂ ತಂಡ ಸೇರಿ ನಾಲ್ಕಾಯಿತು. 1937ರಲ್ಲಿ ಉಳಿದವರದೊಂದು ತಂಡ ಕೂಡಿ ಐದಾಯಿತು. ಆಟ ಉತ್ತಮವಾಗಿತ್ತು, ಜನ ಕಿಕ್ಕಿರಿಯುತ್ತಿದ್ದರು. ಆದರೆ ಮತದ ಹೆಸರಿನಲ್ಲಿ ತಂಡ ಕಟ್ಟುವುದು ಸಲ್ಲದೆಂದು 1940ರಲ್ಲಿ ಗಾಂಧೀಜಿ ಹೇಳಿದರು. 1946ರಲ್ಲಿ ಅದು ನಿಂತಿತು. ಯಾರೊಡನೆ, ಯಾವ ಹೆಸರಿನಲ್ಲಿ ಆಡುತ್ತೇವೆಂಬುದು ಬರಿಯ ಖರ್ಚಿನ ಲೆಕ್ಕವಲ್ಲವೆಂದು ನಾವು ಹೇಳುವುದು ಇದಕ್ಕಾಗಿಯೇ.

ಆದುದರಿಂದ ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಆಡುವ ಮಗುವನ್ನು ಕಾಲೇಜಿಗೆ ಸೇರಿಸುವಾಗ ಮೂರು ಮಾತು ಕೇಳಿರಿ. ಈ ಕಾಲೇಜಿನ ಪದವಿ ಯಾವ ವಿಶ್ವವಿದ್ಯಾನಿಲಯದ್ದು? ವರ್ಷಕ್ಕೆ ಎಷ್ಟು ಪಂದ್ಯ, ಯಾರೊಡನೆ? ಪಂದ್ಯಕ್ಕೆ ಹೋದ ದಿನಗಳ ಪಾಠಕ್ಕೆ ಏನು ಏರ್ಪಾಡು? ಕಾಲೇಜುಗಳನ್ನು ನಡೆಸುವ ಹಿರಿಯರಲ್ಲಿ ನಮ್ಮ ಪ್ರಾರ್ಥನೆಯೂ ಒಂದುಂಟು. ಅಂಗಳ ಬದಲಿಸಿರಿ, ಅಡ್ಡಿಯಿಲ್ಲ. ಆದರೆ ಬದಲಿಸುವ ಮುನ್ನ ಆಡುವ ಮಕ್ಕಳನ್ನೂ ಕರೆದು ಕೇಳಿರಿ, ಸೇರುವ ಮೊದಲೇ ತಿಳಿಸಿರಿ. ಸಂಸ್ಥೆಗೆ ನೂರು ವರ್ಷದ ಆಯುಷ್ಯವಿದೆ. ಒಂದು ವರ್ಷ ಏರುಪೇರಾದರೆ ಮುಂದಿನ ವರ್ಷ ಸರಿಮಾಡಿಕೊಂಡೀತು. ಆಡುವ ಹುಡುಗಿಗೆ ಸಿಕ್ಕುವುದು ಬರಿಯ ಮೂರೇ ವರ್ಷ. ಅದರಲ್ಲಿ ಒಂದು ಹೋದರೆ ಯಾವ ವಿಶ್ವವಿದ್ಯಾನಿಲಯವೂ ಅದನ್ನು ಹಿಂದಕ್ಕೆ ಕೊಡಲಾರದು.